ಮೈದಾನದ ಅಂಚಿನ ವಿದ್ಯೆ

ಎರಡು ವರ್ಷಗಳ ಹಿಂದಿನ ಮಾತು. ನಾನು ಆಗ ಪ್ರಥಮ ಬಿ.ಎ. ತರಗತಿಯಲ್ಲಿದ್ದೆ. ಅಂತರ ಕಾಲೇಜು ಕಬಡ್ಡಿ ಪಂದ್ಯವೊಂದರಲ್ಲಿ ಎದುರಾಳಿಗಳ ಅಂಕಣದಿಂದ ಹಿಂದಿರುಗುವ ಆತುರದಲ್ಲಿ ನನ್ನ ಎಡಗಾಲು ನೆಲದಲ್ಲಿ ನಾಟಿಕೊಂಡಿತು. ಮೈ ಮಾತ್ರ ಬಲಕ್ಕೆ ತಿರುಗಿತು. ಮಂಡಿಯೊಳಗೆ ಒಣಕಡ್ಡಿ ಮುರಿದಂತಹ ಸದ್ದು ನನಗೇ ಕೇಳಿಸಿತು. ಅನಂತರದ ಹತ್ತು ನಿಮಿಷಗಳನ್ನು ನೆನೆದರೆ ಈಗ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಒಬ್ಬರು ಕಾಲನ್ನು ಹಿಡಿದು ಎಳೆದರು. ಇನ್ನೊಬ್ಬರು ಎಲ್ಲಿಂದಲೋ ಎಣ್ಣೆ ತರಿಸಿ ತಿಕ್ಕಿದರು. ಮತ್ತೊಬ್ಬರು “ಎದ್ದು ನಾಲ್ಕು ಹೆಜ್ಜೆ ನಡೆದರೆ ಸರಿಹೋಗುತ್ತದೆ” ಎಂದು ಎಬ್ಬಿಸಿ ನಡೆಸಿದರು. ಎಲ್ಲರ ಮನಸ್ಸೂ ಒಳ್ಳೆಯದೇ. ಉಳುಕೆಂದು ಭಾವಿಸಿ ಪಟ್ಟು ಕಟ್ಟಿಸಿಕೊಂಡೆ. ಊತ ಇಳಿಯಿತು. ಮೂರು ವಾರಗಳ ಮೇಲೆ ಮತ್ತೆ ಆಡಲು ಇಳಿದು, ಎರಡನೆಯ ದಿನವೇ ಮತ್ತೆ ಬಿದ್ದೆ.

ಕೊನೆಗೆ ನನ್ನನ್ನು ಪರೀಕ್ಷಿಸಿದ ಮೂಳೆವೈದ್ಯರು, ಮಂಡಿಯ ಒಳಗಿನ ಮುಖ್ಯವಾದ ಅಸ್ಥಿರಜ್ಜು ಹರಿದಿದೆಯೆಂದೂ, ಎರಡನೆಯ ಬಾರಿ ಬಿದ್ದುದರಿಂದ ಮಂಡಿಯ ಮೆತ್ತೆಯೂ ಸೀಳಿದೆಯೆಂದೂ ಹೇಳಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಅಲ್ಲಪ್ಪಾ, ಮೊದಲ ಸಲ ಬಿದ್ದಾಗ ಮೈದಾನದಲ್ಲಿ ಯಾರೂ ಇರಲಿಲ್ಲವೆ?”

“ಎಲ್ಲರೂ ಇದ್ದರು, ಸಾರ್” ಎಂದೆ.

“ಎಲ್ಲರೂ ಇದ್ದು ಏನು ಬಂತು? ತಿಳಿದವರು ಒಬ್ಬರು ಬೇಕಾಗಿತ್ತು” ಎಂದರು.

ಆ ತಿಳಿದ ಒಬ್ಬರು ಯಾರು, ಅಂಥವರು ಎಲ್ಲಿಯಾದರೂ ಇರುವರೆ, ಇದ್ದರೆ ಅವರು ಏನು ಓದಿ ಹಾಗಾಗುತ್ತಾರೆ ಎಂಬ ಕುತೂಹಲ ನನ್ನಲ್ಲಿ ಹುಟ್ಟಿದುದು ಅಂದು. ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಮಲಗಿದ್ದ ತಿಂಗಳುಗಳಲ್ಲಿ ಓದಿ ತಿಳಿದುದನ್ನು, ನನ್ನ ಸಹಪಾಠಿಗಳಿಗೂ ಗುರುಹಿರಿಯರಿಗೂ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆದಿದ್ದೇನೆ.

ಹೆಸರಿನಿಂದಾಗುವ ತಪ್ಪು ತಿಳಿವಳಿಕೆ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಥ್ಲೆಟಿಕ್ ಟ್ರೈನರ್ ಎಂಬ ವೃತ್ತಿಯೊಂದುಂಟು. ಟ್ರೈನರ್ ಎಂಬ ಮಾತನ್ನು ಕೇಳಿದೊಡನೆ ನಮಗೆ ಆಟ ಕಲಿಸುವ ಕೋಚ್ ನೆನಪಾಗುತ್ತಾರೆ; ಇಲ್ಲವೇ ಜಿಮ್ಮಿನಲ್ಲಿ ಭಾರ ಎತ್ತಿಸುವವರು ನೆನಪಾಗುತ್ತಾರೆ. ಅಥ್ಲೆಟಿಕ್ ಟ್ರೈನರ್ ಇವರಿಬ್ಬರೂ ಅಲ್ಲ. ಅವರು ಆರೋಗ್ಯ ಕ್ಷೇತ್ರದವರು. ವೈದ್ಯರ ನಿರ್ದೇಶನಕ್ಕೆ ಒಳಪಟ್ಟು, ಗಾಯವಾಗದಂತೆ ನೋಡಿಕೊಳ್ಳುವುದು, ಗಾಯವಾದರೆ ಸ್ಥಳದಲ್ಲೇ ಅದು ಏನೆಂದು ಗುರುತಿಸುವುದು, ತುರ್ತು ಚಿಕಿತ್ಸೆ ನೀಡುವುದು, ಅನಂತರ ಆಟಗಾರನನ್ನು ಹಂತಹಂತವಾಗಿ ಮೊದಲಿನ ಸ್ಥಿತಿಗೆ ತರುವುದು ಇವರ ಕೆಲಸ. ನಮ್ಮ ದೇಶದಲ್ಲಿ ಇದಕ್ಕೆ ತೀರ ಹತ್ತಿರದವರೆಂದರೆ ಫಿಸಿಯೋಥೆರಪಿಸ್ಟರು. ಆದರೆ ಫಿಸಿಯೋಥೆರಪಿಯ ಮುಖ್ಯ ಕ್ಷೇತ್ರ ಚಿಕಿತ್ಸಾಲಯ. ಅಥ್ಲೆಟಿಕ್ ಟ್ರೈನರನ ಮುಖ್ಯ ಕ್ಷೇತ್ರ ಮೈದಾನದ ಅಂಚು. ಗಾಯವಾಗುವ ಹೊತ್ತಿಗೆ ಅವನು ಅಲ್ಲಿಯೇ ಇರುತ್ತಾನೆ ಎಂಬುದೇ ಈ ವೃತ್ತಿಯ ಸಾರ.

ಇದರ ಚರಿತ್ರೆ ಸ್ವಾರಸ್ಯವಾದದ್ದು. 1881ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯವು ಜೇಮ್ಸ್ ರಾಬಿನ್ಸನ್ ಎಂಬವರನ್ನು ಫುಟ್ಬಾಲ್ ತಂಡದ ಆಟಗಾರರ ದೇಹಸ್ಥಿತಿ ನೋಡಿಕೊಳ್ಳಲು ನೇಮಿಸಿತು. ಬಹುಕಾಲ ಇದು ಮಾಲೀಸು ಮಾಡಿ ಪಟ್ಟಿ ಸುತ್ತುವ ಕೈಕಸುಬಾಗಿಯೇ ಉಳಿಯಿತು. ಹಿರಿಯನ ಕೆಳಗೆ ಕಿರಿಯ ನಿಂತು ಕಲಿಯುವುದೇ ಪದ್ಧತಿ. 1950ರಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಈ ವೃತ್ತಿಯವರು ಸೇರಿ ರಾಷ್ಟ್ರೀಯ ಅಥ್ಲೆಟಿಕ್ ಟ್ರೈನರುಗಳ ಸಂಘವನ್ನು ಕಟ್ಟಿಕೊಂಡರು. 1989ರಲ್ಲಿ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುವ ಮಂಡಲಿಯು ಸಂಘದಿಂದ ಬೇರೆಯಾಗಿ ಸ್ವತಂತ್ರ ಸಂಸ್ಥೆಯಾಯಿತು. ಬೋರ್ಡ್ ಆಫ್ ಸರ್ಟಿಫಿಕೇಷನ್ ಎಂಬುದು ಅದರ ಹೆಸರು. 1990ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘವು ಈ ವೃತ್ತಿಯನ್ನು ಆರೋಗ್ಯ ಸಂಬಂಧಿ ವೃತ್ತಿಗಳಲ್ಲಿ ಒಂದೆಂದು ಮನ್ನಿಸಿತು.

ಹಿರಿಯರ ಕೈಕೆಳಗೆ ಇಷ್ಟು ಗಂಟೆ ದುಡಿದೆನೆಂದು ತೋರಿಸಿ ಪರೀಕ್ಷೆಗೆ ಕೂರುವ ಹಳೆಯ ದಾರಿ 2004ರ ಆರಂಭದಲ್ಲಿ ಮುಚ್ಚಿತು. 2015ರಲ್ಲಿ ಇನ್ನೊಂದು ದೊಡ್ಡ ತೀರ್ಮಾನವಾಯಿತು: ಇನ್ನು ಮುಂದೆ ಈ ವೃತ್ತಿಯ ಪ್ರವೇಶ ಪದವಿ ಸ್ನಾತಕೋತ್ತರ ಮಟ್ಟದ್ದಾಗಿರಬೇಕು. 2022ರ ಶರತ್ಕಾಲದ ಅವಧಿ ಆರಂಭವಾದ ಮೇಲೆ ಸ್ನಾತಕ ಮಟ್ಟದ ತರಗತಿಗಳಿಗೆ ಹೊಸ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುವುದು ನಿಂತಿತು.

ಇಷ್ಟು ಓದು ಏಕೆ?

ಪಟ್ಟಿ ಸುತ್ತುವುದಕ್ಕೆ ಎಂ.ಎಸ್ಸಿ. ಓದಬೇಕೆ ಎಂದು ಯಾರಾದರೂ ನಗಬಹುದು. ಮೊದಮೊದಲು ನನಗೂ ಹಾಗೆಯೇ ಅನ್ನಿಸಿತ್ತು. ನಾಲ್ಕು ನಿದರ್ಶನಗಳು ನನ್ನ ಅಭಿಪ್ರಾಯವನ್ನು ಬದಲಾಯಿಸಿದವು.

ಮೊದಲನೆಯದು ನನ್ನದೇ ಮಂಡಿ. ಅಸ್ಥಿರಜ್ಜು ಹರಿದಿದೆಯೆ ಇಲ್ಲವೆ ಎಂಬುದನ್ನು ಕೈಯಿಂದಲೇ ಪರೀಕ್ಷಿಸುವ ಕ್ರಮವೊಂದುಂಟು. ಲ್ಯಾಕ್‌ಮನ್ ಪರೀಕ್ಷೆ ಎನ್ನುತ್ತಾರೆ. ಮಂಡಿಯನ್ನು ತುಸು ಮಡಿಸಿ, ಒಂದು ಕೈಯಲ್ಲಿ ತೊಡೆಯ ಮೂಳೆಯನ್ನು ಅಲುಗದಂತೆ ಹಿಡಿದು, ಇನ್ನೊಂದು ಕೈಯಿಂದ ಕೆಳಕಾಲನ್ನು ಮುಂದಕ್ಕೆ ಎಳೆದು ನೋಡುವುದು. ಹೊತ್ತು ಕಳೆದಂತೆ ಮಂಡಿ ಊದಿಕೊಳ್ಳುತ್ತದೆ, ಸುತ್ತಲಿನ ಮಾಂಸಖಂಡಗಳು ನೋವಿನಿಂದ ಬಿಗಿದುಕೊಳ್ಳುತ್ತವೆ. ಆಗ ಪರೀಕ್ಷೆ ಸರಿಯಾಗಿ ಆಗುವುದಿಲ್ಲ. ಬಿದ್ದ ಮೊದಲ ಕೆಲವು ನಿಮಿಷಗಳೇ ಅದಕ್ಕೆ ಅನುಕೂಲವಾದ ಕಾಲ. ನನ್ನ ಆ ನಿಮಿಷಗಳು ಎಣ್ಣೆ ತಿಕ್ಕುವುದರಲ್ಲಿ ಕಳೆದುವು.

ಎರಡನೆಯದು ತಲೆಗೆ ಬೀಳುವ ಪೆಟ್ಟು. ರಕ್ತ ಬಾರದಿದ್ದರೂ, ಎಚ್ಚರ ತಪ್ಪದಿದ್ದರೂ ಮಿದುಳಿಗೆ ಆಘಾತವಾಗಿರಬಹುದು. ಅಂತಹ ಅನುಮಾನ ಬಂದ ಆಟಗಾರನನ್ನು ಅಂದು ಮತ್ತೆ ಆಡಲು ಬಿಡಬಾರದೆಂಬುದು ಈಗಿನ ನಿಯಮ. ಅನಂತರವೂ ಅವನು ಒಮ್ಮೆಗೇ ಅಂಕಣಕ್ಕೆ ಇಳಿಯುವಂತಿಲ್ಲ. ಹಗುರ ನಡಿಗೆಯಿಂದ ಆರಂಭಿಸಿ ಮೆಟ್ಟಲು ಮೆಟ್ಟಲಾಗಿ ಏರಬೇಕು, ಒಂದೊಂದು ಮೆಟ್ಟಲಿಗೂ ಸಾಮಾನ್ಯವಾಗಿ ಒಂದು ದಿನವಾದರೂ ಬೇಕು, ಪೂರ್ಣ ಆಟಕ್ಕೆ ಮೊದಲು ವೈದ್ಯರ ಒಪ್ಪಿಗೆಯೂ ಬೇಕು.

ಮೂರನೆಯದು ಬಿಸಿಲಿನ ಆಘಾತ. ಮಿನೆಸೋಟ ವೈಕಿಂಗ್ಸ್ ತಂಡದ ಫುಟ್ಬಾಲ್ ಆಟಗಾರ ಕೋರಿ ಸ್ಟ್ರಿಂಗರ್ ಬೇಸಿಗೆಯ ಅಭ್ಯಾಸದಲ್ಲಿ ಬಿಸಿಲಿನ ಆಘಾತಕ್ಕೆ ಸಿಕ್ಕಿ 2001ರ ಆಗಸ್ಟ್ 1ರಂದು ತೀರಿಕೊಂಡರು. ಅವರ ಹೆಸರಿನ ಸಂಸ್ಥೆಯೊಂದು 2010ರಿಂದ ಕನೆಕ್ಟಿಕಟ್ ವಿಶ್ವವಿದ್ಯಾಲಯದಲ್ಲಿ ಈ ವಿಷಯವನ್ನೇ ಅಭ್ಯಸಿಸುತ್ತಿದೆ. ದೇಹದ ಒಳಗಿನ ಉಷ್ಣತೆ 40.5 ಡಿಗ್ರಿ ಸೆಲ್ಸಿಯಸ್ ದಾಟಿ ಬುದ್ಧಿ ಮಂಕಾಗುವುದು ಈ ಆಘಾತದ ಗುರುತು. ಆಗ ರೋಗಿಯನ್ನು ಆಸ್ಪತ್ರೆಗೆ ಓಡಿಸುವುದಕ್ಕಿಂತ ಮೊದಲು ಅಲ್ಲಿಯೇ ತೊಟ್ಟಿಯ ತಣ್ಣೀರಿನಲ್ಲಿ ಮುಳುಗಿಸಿ ತಂಪು ಮಾಡಬೇಕು. ಅರ್ಧ ಗಂಟೆಯೊಳಗೆ ಇದಾದರೆ ಬದುಕುವ ಸಂಭವ ಬಹಳ ಹೆಚ್ಚು. ‘ಮೊದಲು ತಂಪು, ಆಮೇಲೆ ಸಾಗಣೆ’ ಎಂಬುದು ಅಲ್ಲಿನ ಸೂತ್ರ. ಇದನ್ನು ತಿಳಿಯದವರು ಒಳ್ಳೆಯ ಮನಸ್ಸಿನಿಂದಲೇ ರೋಗಿಯನ್ನು ಗಾಡಿಗೆ ಹತ್ತಿಸಿ, ದಾರಿಯಲ್ಲಿ ಆ ಅರ್ಧ ಗಂಟೆಯನ್ನು ಕಳೆದುಬಿಡಬಹುದು.

ನಾಲ್ಕನೆಯದು ಬಹು ಜನ ದೂರದರ್ಶನದಲ್ಲಿ ಕಣ್ಣಾರೆ ಕಂಡದ್ದು. 2023ರ ಜನವರಿ 2ರಂದು ಸಿನ್ಸಿನಾಟಿ ನಗರದ ಪಂದ್ಯವೊಂದರಲ್ಲಿ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಎಂಬ 24 ವರ್ಷದ ಆಟಗಾರ ಎದುರಾಳಿಯನ್ನು ತಡೆದು ಎದ್ದು ನಿಂತವರು ಹಾಗೆಯೇ ಹಿಂದಕ್ಕೆ ಕುಸಿದರು; ಹೃದಯ ನಿಂತಿತ್ತು. ತಂಡದ ಸಹಾಯಕ ಅಥ್ಲೆಟಿಕ್ ಟ್ರೈನರ್ ಡೆನ್ನಿ ಕೆಲಿಂಗ್ಟನ್ ತಡಮಾಡದೆ ಎದೆಯೊತ್ತಿ ಹೃದಯಕ್ರಿಯೆ ಮುಂದುವರಿಸಿದರು. ವಿದ್ಯುದಾಘಾತ ನೀಡುವ ಯಂತ್ರವೂ ಬಳಕೆಯಾಯಿತು. ಹ್ಯಾಮ್ಲಿನ್ ಬದುಕಿದರು, ಅದೇ ವರ್ಷ ಮತ್ತೆ ಆಟಕ್ಕೂ ಇಳಿದರು. ಆ ಹೊತ್ತಿನಲ್ಲಿ ಪುಸ್ತಕ ತೆರೆದು ನೋಡಲು ಅವಕಾಶವೆಲ್ಲಿ? ಕೈಗೇ ವಿದ್ಯೆ ಹತ್ತಿರಬೇಕು.

ವ್ಯಾಸಂಗದ ದಾರಿ

ಈಗ ದಾರಿಯನ್ನು ಮೊದಲಿನಿಂದ ನೋಡೋಣ. ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅಥ್ಲೆಟಿಕ್ ತರಬೇತಿ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಆಯೋಗವೊಂದು ಅಲ್ಲಿದೆ. ಅದರ ಆಂಗ್ಲ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಸಿ.ಎ.ಎ.ಟಿ.ಇ. ಎನ್ನುತ್ತಾರೆ. ಅಮೆರಿಕದಲ್ಲಿ ಓದುವವರು ಈ ಆಯೋಗದ ಮಾನ್ಯತೆ ಪಡೆದ ವೃತ್ತಿಪ್ರವೇಶ ಪದವಿಯನ್ನೇ ಪಡೆದಿರಬೇಕು. ಕ್ರೀಡಾವಿಜ್ಞಾನ, ವ್ಯಾಯಾಮಶಾಸ್ತ್ರ ಮೊದಲಾದ ಹೆಸರಿನ ಬೇರೆ ಎಂ.ಎಸ್ಸಿ.ಗಳು ಎಷ್ಟೇ ಚೆನ್ನಾಗಿದ್ದರೂ ಈ ಬಾಗಿಲನ್ನು ತೆರೆಯವು. ಆದುದರಿಂದ ಶುಲ್ಕ ಕಟ್ಟುವ ಮೊದಲು ಆಯೋಗದ ಪಟ್ಟಿಯಲ್ಲಿ ಆ ಕಾರ್ಯಕ್ರಮದ ಹೆಸರಿದೆಯೆ, ಮಾನ್ಯತೆಯ ಈಗಿನ ಸ್ಥಿತಿ ಏನು ಎಂದು ನೋಡುವುದು ಕಡ್ಡಾಯವೆಂದೇ ತಿಳಿಯಬೇಕು.

ಸ್ನಾತಕೋತ್ತರ ತರಗತಿಗೆ ಸೇರಲು ಎರಡು ಬಗೆಗಳುಂಟು. ನಾಲ್ಕು ವರ್ಷದ ಪದವಿ ಮುಗಿಸಿ ಎರಡು ವರ್ಷ ಓದುವುದು ಒಂದು. ಕೆಲವು ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷ ಸ್ನಾತಕ ವ್ಯಾಸಂಗ ಮಾಡಿ ಅಲ್ಲಿಯೇ ಮುಂದಿನ ಎರಡು ವರ್ಷಕ್ಕೆ ಸೇರಿ, ಒಟ್ಟು ಐದು ವರ್ಷಗಳಲ್ಲಿ ಎರಡೂ ಪದವಿಗಳನ್ನು ಪಡೆಯುವುದು ಇನ್ನೊಂದು. ಮೊದಲ ಪದವಿ ಯಾವ ವಿಷಯದಲ್ಲಾದರೂ ಇರಬಹುದು. ಆದರೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಮನಶ್ಶಾಸ್ತ್ರ, ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ ಎಂಬ ಆರು ವಿಷಯಗಳನ್ನು ಕಾಲೇಜು ಮಟ್ಟದಲ್ಲಿ ಓದಿರಬೇಕೆಂದು ಆಯೋಗದ ನಿಯಮ. ಇವಲ್ಲದೆ ಸಂಖ್ಯಾಶಾಸ್ತ್ರ, ಪೋಷಣಶಾಸ್ತ್ರಗಳನ್ನು ಕೇಳುವ ಕಾಲೇಜುಗಳೂ ಇವೆ. ಪ್ರಮಾಣಿತ ಟ್ರೈನರೊಬ್ಬರ ಜೊತೆ ನಿಗದಿಯಾದಷ್ಟು ಗಂಟೆ ಇದ್ದು ಅವರ ಕೆಲಸವನ್ನು ಗಮನಿಸಿರಬೇಕೆಂಬುದು ಹಲವು ಕಡೆ ಇರುವ ಇನ್ನೊಂದು ಷರತ್ತು.

ಆ ಎರಡು ವರ್ಷಗಳಲ್ಲಿ ಬೇಸಿಗೆಯ ರಜೆ ಎಂಬುದು ಹೆಸರಿಗಷ್ಟೇ. ಬಹಳ ಕಡೆ ಬೇಸಿಗೆಯಲ್ಲೂ ಪಾಠವಿರುತ್ತದೆ. ತರಗತಿಯ ಓದಿನ ಜೊತೆಜೊತೆಗೇ ನಿಜವಾದ ಮೈದಾನಗಳಲ್ಲಿ, ಚಿಕಿತ್ಸಾಲಯಗಳಲ್ಲಿ ಮಾರ್ಗದರ್ಶಕರ ಕಣ್ಣೆದುರಿಗೆ ಕೆಲಸ ಕಲಿಯಬೇಕು. ಎಳೆಯರು, ವಯಸ್ಸಾದವರು, ಗಂಡಸರು, ಹೆಂಗಸರು, ನುರಿತ ಆಟಗಾರರು, ಆಟವೇ ಆಡದ ದುಡಿಮೆಗಾರರು ಹೀಗೆ ನಾನಾ ಬಗೆಯ ಜನರನ್ನು ನೋಡಿರಬೇಕು. ಕನಿಷ್ಠ ನಾಲ್ಕು ವಾರವಾದರೂ ಪಾಠವನ್ನು ಬದಿಗಿಟ್ಟು, ವೃತ್ತಿಯಲ್ಲಿರುವವರಂತೆ ಪೂರ್ಣಕಾಲ ಅದರಲ್ಲೇ ಮುಳುಗಿರಬೇಕೆಂಬ ನಿಯಮ ಬಹಳ ಅರ್ಥವತ್ತಾದುದು. ಈಜುವುದನ್ನು ದಡದ ಮೇಲೆ ನಿಂತು ಕಲಿತವರು ಯಾರಿದ್ದಾರೆ?

ಕೊನೆಯ ಅವಧಿಯಲ್ಲಿ, ಕಾರ್ಯಕ್ರಮದ ನಿರ್ದೇಶಕರ ಅನುಮೋದನೆಯೊಡನೆ ಮಂಡಲಿಯ ಪರೀಕ್ಷೆಗೆ ಕೂರಬಹುದು. ಪರೀಕ್ಷೆ ಗಣಕಯಂತ್ರದ ಮುಂದೆ, ನಾಲ್ಕು ಗಂಟೆಗಳ ಕಾಲ, ಪ್ರಶ್ನೆಗಳು 175. ಅಪಾಯವನ್ನು ತಗ್ಗಿಸಿ ಆರೋಗ್ಯ ಕಾಪಾಡುವುದು, ಗಾಯವನ್ನು ಪರೀಕ್ಷಿಸಿ ನಿರ್ಧರಿಸುವುದು, ತುರ್ತು ಸನ್ನಿವೇಶವನ್ನು ನಿಭಾಯಿಸುವುದು, ಚಿಕಿತ್ಸೆ ಮತ್ತು ಪುನಶ್ಚೇತನ, ಆಡಳಿತ ಮತ್ತು ವೃತ್ತಿಧರ್ಮ ಎಂಬ ಐದು ವಿಭಾಗಗಳಿಂದ ಪ್ರಶ್ನೆಗಳು ಬರುತ್ತವೆ. ತೇರ್ಗಡೆಯಾದವರು ತಮ್ಮ ಹೆಸರಿನ ಮುಂದೆ ಎ.ಟಿ.ಸಿ. ಎಂಬ ಅಕ್ಷರಗಳನ್ನು ಬರೆದುಕೊಳ್ಳಬಹುದು. ಅಷ್ಟಕ್ಕೇ ಮುಗಿಯಲಿಲ್ಲ. ಕೆಲಸ ಮಾಡುವ ರಾಜ್ಯದ ಪರವಾನಗಿ ಸಾಮಾನ್ಯವಾಗಿ ಬೇರೆಯಾಗಿಯೇ ಬೇಕು. ಪ್ರಮಾಣಪತ್ರ ಉಳಿಯಬೇಕಾದರೆ ನಿಗದಿಯಾದ ಮುಂದುವರಿದ ಕಲಿಕೆಯನ್ನು ಆಗಿಂದಾಗ್ಗೆ ಪೂರೈಸುತ್ತಲೇ ಇರಬೇಕು. ಹೃದಯ ನಿಂತವರಿಗೆ ನೀಡುವ ತುರ್ತು ಚಿಕಿತ್ಸೆಯ ತರಬೇತಿಯೂ ಹಳತಾಗಬಾರದು.

ಇನ್ನೂ ಓದುವ ಹಂಬಲವಿದ್ದವರಿಗೆ ಮೇಲಿನ ದಾರಿಗಳೂ ಇವೆ. ಆಸ್ಪತ್ರೆಗಳಲ್ಲಿ ಮೂಳೆವೈದ್ಯರ ಜೊತೆ ದುಡಿದು ಕಲಿಯುವ ರೆಸಿಡೆನ್ಸಿ ಒಂದು. ಅಥ್ಲೆಟಿಕ್ ಟ್ರೈನಿಂಗ್ ಡಾಕ್ಟರೇಟ್ ಎಂಬ ವೃತ್ತಿಪರ ಪದವಿ ಇನ್ನೊಂದು. ಐಡಹೊ ವಿಶ್ವವಿದ್ಯಾಲಯ, ಇಂಡಿಯಾನ ಸ್ಟೇಟ್ ವಿಶ್ವವಿದ್ಯಾಲಯಗಳು ಇದನ್ನು ಬೆಳೆಸಿದವುಗಳಲ್ಲಿ ಸೇರಿವೆ. ಸಂಶೋಧನೆ ಮಾಡಿ ಅಧ್ಯಾಪಕರಾಗ ಬಯಸುವವರಿಗೆ ಪಿಎಚ್.ಡಿ. ಇದ್ದೇ ಇದೆ. ಉದ್ಯೋಗವೂ ದೊಡ್ಡ ತಂಡಗಳಲ್ಲಿ ಮಾತ್ರವೆಂದು ತಿಳಿಯಬೇಡಿ. ಪ್ರೌಢಶಾಲೆಗಳು, ಕಾಲೇಜುಗಳು, ಆಸ್ಪತ್ರೆಗಳು, ಸೈನ್ಯ, ಕಾರ್ಖಾನೆಗಳು, ನೃತ್ಯತಂಡಗಳು ಇವರನ್ನು ನೇಮಿಸಿಕೊಳ್ಳುತ್ತವೆ.

ನಮ್ಮವರಿಗೆ ಈ ದಾರಿ ಎಷ್ಟು ದೂರ?

ಇಲ್ಲಿಂದ ಹೋಗಬಯಸುವವರ ವಿಚಾರವನ್ನು ಬಣ್ಣ ಹಚ್ಚದೆ ಹೇಳಬೇಕು. ಪಿ.ಯು.ಸಿ.ಯಲ್ಲಿ ವಿಜ್ಞಾನ ಓದಿ, ಫಿಸಿಯೋಥೆರಪಿಯ ಪದವಿಯಾದ ಬಿ.ಪಿ.ಟಿ. ಪಡೆದವರಿಗೆ ಈ ದಾರಿ ಹತ್ತಿರ; ಅಂಗರಚನೆ, ಶರೀರಕ್ರಿಯೆಗಳೆಲ್ಲ ಅವರ ಪಠ್ಯದಲ್ಲೇ ಬಂದಿರುತ್ತವೆ. ಮೂರು ವರ್ಷದ ಪದವಿಯವರನ್ನು ಸೇರಿಸಿಕೊಳ್ಳುವ ವಿಷಯದಲ್ಲಿ ಒಂದೊಂದು ವಿಶ್ವವಿದ್ಯಾಲಯದ ನಿಯಮ ಒಂದೊಂದು ಬಗೆ. ಅಂಕಪಟ್ಟಿಯನ್ನು ಅಲ್ಲಿನ ಮಾನದಂಡಕ್ಕೆ ಅಳೆಸಬೇಕು. ಆಂಗ್ಲ ಭಾಷಾ ಪರೀಕ್ಷೆಯೂ ಉಂಟು. ಇಲ್ಲಿಂದ ಹೋಗಿ ಓದುವ ಖರ್ಚು ಸಾಮಾನ್ಯ ಸಂಸಾರಕ್ಕೆ ಹೊರಲಾರದ ಹೊರೆ. ವಿದ್ಯಾರ್ಥಿವೇತನ ಇಲ್ಲವೇ ಸಹಾಯಕ ಹುದ್ದೆ ದೊರೆತರೆ ಮಾತ್ರ ಯೋಚಿಸಬೇಕು.

ಇನ್ನೊಂದು ಎಚ್ಚರಿಕೆ. ಅಲ್ಲಿಯ ಪ್ರಮಾಣಪತ್ರ ಹಿಡಿದು ಬಂದವರು ಇಲ್ಲಿ ಫಿಸಿಯೋಥೆರಪಿಸ್ಟ್ ಎಂದು ಫಲಕ ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಫಿಸಿಯೋಥೆರಪಿಯು 2021ರ ಆರೋಗ್ಯ ಸಂಬಂಧಿ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯಿದೆಗೆ ಒಳಪಟ್ಟಿದೆ. ಆದುದರಿಂದ ಮೈದಾನದ ಅಂಚಿನಲ್ಲಿ ನಿಂತು ನಮ್ಮ ಊರಿನ ಆಟಗಾರರಿಗೇ ನೆರವಾಗಬೇಕೆಂಬ ತಮ್ಮ ತಂಗಿಯರಿಗೆ ನನ್ನ ಸಲಹೆ ಇದು: ಇಲ್ಲಿಯೇ ಬಿ.ಪಿ.ಟಿ. ಓದಿ, ಎಂ.ಪಿ.ಟಿ.ಯಲ್ಲಿ ಕ್ರೀಡಾ ವಿಭಾಗವನ್ನು ಆರಿಸಿಕೊಳ್ಳಿ. ಅದಕ್ಕೆ ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಿವೆ.

ನನ್ನ ಲೆಕ್ಕವನ್ನೂ ಒಪ್ಪಿಸಿಬಿಡುತ್ತೇನೆ. ಬೇಕಾದ ಆರು ವಿಷಯಗಳಲ್ಲಿ ಬಿ.ಎ. ವಿದ್ಯಾರ್ಥಿಯಾದ ನಾನು ಓದಿರುವುದು ಮನಶ್ಶಾಸ್ತ್ರವೊಂದನ್ನು. ಆರರಲ್ಲಿ ಒಂದು! ಕಾಗದದ ಮೇಲೆ ಆ ಲೆಕ್ಕ ಬರೆದ ದಿನ ರಾತ್ರಿ ಊಟ ಸೇರಲಿಲ್ಲ. ಮನೆಯಲ್ಲಿ ನಮ್ಮ ಅಣ್ಣ, “ಓದಲು ಆಗದಿದ್ದರೆ ಹೋಯಿತು, ತಿಳಿಯಲು ಯಾರು ಬೇಡವೆಂದರು?” ಎಂದ. ಆ ಮಾತು ನಾಟಿತು. ಪ್ರಥಮ ಚಿಕಿತ್ಸೆಯ ತರಬೇತಿಗೆ ಸೇರಿ ಮುಗಿಸಿದೆ. ಅಲ್ಲಿಯ ಟ್ರೈನರುಗಳು ಪ್ರತಿ ಮೈದಾನಕ್ಕೂ ಒಂದು ತುರ್ತು ಯೋಜನೆ ಬರೆದಿಡುತ್ತಾರೆಂದು ಓದಿದ್ದೆನಷ್ಟೆ. ಪ್ರಾಂಶುಪಾಲರ ಅಪ್ಪಣೆ ಪಡೆದು, ದೈಹಿಕ ಶಿಕ್ಷಣ ನಿರ್ದೇಶಕರ ಸಹಾಯದಿಂದ ನಮ್ಮ ಮೈದಾನಕ್ಕೂ ಒಂದನ್ನು ಬರೆದೆವು. 108ಕ್ಕೆ ಕರೆ ಮಾಡುವವರು ಯಾರು, ಹಿಂದಿನ ಗೇಟಿನ ಬೀಗದ ಕೈ ಯಾರ ಬಳಿ, ಮಂಜುಗಡ್ಡೆ ಎಲ್ಲಿದೆ, ಬಿದ್ದವನ ಕತ್ತನ್ನು ಅಲುಗಿಸಬಾರದು, ಅನುಮತಿಯಿಲ್ಲದೆ ಯಾರೂ ಎಳೆಯಬಾರದು, ತಿಕ್ಕಬಾರದು: ಇಷ್ಟೇ ಅದರ ಸಾರ.

ಈ ವರ್ಷದ ಅಂತರ ಕಾಲೇಜು ಪಂದ್ಯದಲ್ಲಿ ಅದಕ್ಕೆ ಪರೀಕ್ಷೆ ಬಂತು. ಕೊನೆಯ ಆರು ನಿಮಿಷ, ನಾವು ಎರಡು ಅಂಕ ಮುಂದಿದ್ದೆವು. ನಮ್ಮ ನಾಯಕನ ತಲೆ ಎದುರಾಳಿಯ ಮಂಡಿಗೆ ಬಡಿಯಿತು. ಅವನು ತಾನೇ ಎದ್ದು ನಿಂತ; “ಏನೂ ಆಗಿಲ್ಲ” ಎಂದ. ಅಂಕ ಎಷ್ಟೆಂದು ಕೇಳಿದೆ, ತಪ್ಪು ಹೇಳಿದ. ಎದುರಾಳಿ ಕಾಲೇಜು ಯಾವುದೆಂದು ಕೇಳಿದೆ. ಹಿಂದಿನ ದಿನದ ಎದುರಾಳಿಯ ಹೆಸರು ಹೇಳಿದ. ನಾನು ನಿರ್ದೇಶಕರ ಕಡೆಗೆ ನೋಡಿದೆ. ಅವರು ಒಂದು ಕ್ಷಣ ಅಂಕಫಲಕವನ್ನು ನೋಡಿದರು, ಆಮೇಲೆ ಅವನ ಹೆಗಲ ಮೇಲೆ ಕೈಯಿಟ್ಟು ಹೊರಗೆ ಕರೆತಂದರು. ಪಂದ್ಯವನ್ನು ಸೋತೆವು. ನಾಯಕ ಅಂದು ನನ್ನನ್ನು ಬೈದ ಮಾತುಗಳನ್ನು ಈ ಸಂಚಿಕೆಯಲ್ಲಿ ಅಚ್ಚು ಹಾಕಿಸಲಾಗದು. ಸಂಜೆ ಆಸ್ಪತ್ರೆಯಲ್ಲಿ ವೈದ್ಯರು ಮಿದುಳಿಗೆ ಆಘಾತವಾಗಿದೆಯೆಂದು ಹೇಳಿ, ತಾವು ಮತ್ತೆ ನೋಡಿ ಒಪ್ಪುವವರೆಗೆ ಆಟ ಬೇಡವೆಂದರು. ತಂಡದ ಒಂದಿಬ್ಬರು ಇಂದಿಗೂ ನನ್ನೊಡನೆ ಸರಿಯಾಗಿ ಮಾತನಾಡುತ್ತಿಲ್ಲ. ನಾಯಕ ಮಾತ್ರ ಮೊನ್ನೆ ಗ್ರಂಥಾಲಯದಲ್ಲಿ ಬಂದು ಪಕ್ಕದಲ್ಲಿ ಕುಳಿತ. ಬರುವ ತಿಂಗಳು ಅವನ ಪರೀಕ್ಷೆ, ಓದಿದ್ದು ಈಗ ತಲೆಯಲ್ಲಿ ನಿಲ್ಲುತ್ತಿದೆಯಂತೆ.

ನಾನು ಅಥ್ಲೆಟಿಕ್ ಟ್ರೈನರ್ ಅಲ್ಲ. ಆಗುವುದೂ ಇಲ್ಲವೆಂದು ಕಾಣುತ್ತದೆ. ಅಂದು ನಾನು ಮಾಡಿದುದು ಎರಡು ಪ್ರಶ್ನೆ ಕೇಳಿದ್ದು ಮಾತ್ರ. ಅಷ್ಟಕ್ಕೇ ಇಷ್ಟು ಪ್ರಯೋಜನವಾದರೆ, ಎರಡು ವರ್ಷ ಅದನ್ನೇ ಓದಿ ಬಂದವರಿಂದ ಎಷ್ಟಾದೀತು! ನಮ್ಮ ಕಾಲೇಜಿನಿಂದಲ್ಲದಿದ್ದರೂ ನಮ್ಮ ತಾಲ್ಲೂಕಿನ ಯಾವುದಾದರೂ ಮನೆಯಿಂದ ಅಂಥವರೊಬ್ಬರು ಹೊರಡಲಿ ಎಂಬುದು ನನ್ನ ಹಾರೈಕೆ. ಅಲ್ಲಿಯವರೆಗೆ ಕ್ರೀಡಾ ಕೊಠಡಿಯ ಗೋಡೆಯ ಮೇಲಿರುವ ಆ ಹಾಳೆಯನ್ನು ಮುಂದಿನ ವರ್ಷದ ತಂಡದವರು ಒಮ್ಮೆ ಓದಿ, ಹರಿದಿದ್ದರೆ ಹೊಸದಾಗಿ ಬರೆದು ಅಂಟಿಸಬೇಕೆಂದು ಕೇಳಿಕೊಳ್ಳುತ್ತೇನೆ.